ಜ್ವರ ಇಳಿದದ್ದು ನೆರವಿನಿಂದಲೋ, ಕಾಲದಿಂದಲೋ?

ಮಳೆಗಾಲ ಶುರುವಾದರೆ ನಮ್ಮ ಜಿಲ್ಲೆಯ ಸುದ್ದಿಗಳು ಯಾವ ಕ್ರಮದಲ್ಲಿ ಬರುತ್ತವೆ ಎಂದು ಮೊದಲೇ ಹೇಳಿಬಿಡಬಹುದು. ಮೊದಲು ‘ಜ್ವರ ಪ್ರಕರಣ ಹೆಚ್ಚಳ’. ವಾರದ ನಂತರ ‘ಆಸ್ಪತ್ರೆಗೆ ಅಧಿಕಾರಿಗಳ ಭೇಟಿ’. ಆಮೇಲೆ ‘ಹೆಚ್ಚುವರಿ ವೈದ್ಯರ ನಿಯೋಜನೆ, ಡೆಂಗಿಗೆ ಪ್ರತ್ಯೇಕ ಹಾಸಿಗೆ, ಫಾಗಿಂಗ್’. ದೀಪಾವಳಿ ಕಳೆದ ಮೇಲೆ ‘ಕ್ರಮಗಳ ಫಲವಾಗಿ ಜ್ವರ ಹತೋಟಿಗೆ’. ಈ ಕೊನೆಯ ಸುದ್ದಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಜ್ವರ ಕಡಿಮೆಯಾದದ್ದು ನಿಜ, ಕ್ರಮ ಕೈಗೊಂಡದ್ದೂ ನಿಜ. ಆದರೆ ಮೊದಲನೆಯದು ಎರಡನೆಯದರಿಂದಲೇ ಆಯಿತು ಎನ್ನಲು ಆಧಾರವೇನು? ಕ್ರಮ ಕೈಗೊಳ್ಳದಿದ್ದರೂ ನವೆಂಬರ್‌ನಲ್ಲಿ ಡೆಂಗಿ ಇಳಿಯುತ್ತಿರಲಿಲ್ಲವೇ?

ಇದು ತಕರಾರಿಗಾಗಿ ಎತ್ತಿದ ಪ್ರಶ್ನೆಯಲ್ಲ. ಒತ್ತಡದ ಕಾಲದಲ್ಲಿ ಆಸ್ಪತ್ರೆಗೆ ಕೊಡುವ ನೆರವು ಫಲಿಸಿತೋ ಇಲ್ಲವೋ ಎಂಬುದು ನಮಗೆ ಗೊತ್ತಿರದಿದ್ದರೆ, ಮುಂದಿನ ವರ್ಷ ಅದೇ ಹಣ, ಅದೇ ಸಿಬ್ಬಂದಿಯನ್ನು ಎಲ್ಲಿ ಹಾಕಬೇಕೆಂಬುದೂ ಗೊತ್ತಾಗುವುದಿಲ್ಲ. ಅದರ ಬೆಲೆ ತೆರುವವರು ಸರತಿಯ ಕೊನೆಯಲ್ಲಿ ನಿಂತವರು.

ತೆಂಗಿನ ಸೀಮೆಯ ಮಳೆಗಾಲ

ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಚಳಿಗಾಲವೇ ಪರೀಕ್ಷೆಯ ಕಾಲ. ಫ್ಲೂ, ನ್ಯುಮೋನಿಯಾ, ಜಾರಿ ಬಿದ್ದು ಮೂಳೆ ಮುರಿದುಕೊಂಡ ವೃದ್ಧರು ಎಲ್ಲ ಒಟ್ಟಿಗೆ ಬರುತ್ತಾರೆ. ತುರ್ತು ವಿಭಾಗಕ್ಕೆ ಬಂದವರಲ್ಲಿ ಶೇ 95 ಮಂದಿಯ ವಿಷಯ 4 ಗಂಟೆಯೊಳಗೆ ತೀರ್ಮಾನವಾಗಬೇಕು ಎಂಬುದು ಅಲ್ಲಿನ ಗುರಿ. ಇಡೀ ದೇಶದ ಮಟ್ಟದಲ್ಲಿ ಆ ಗುರಿ ಕೊನೆಯ ಬಾರಿ ಮುಟ್ಟಿದ್ದು 2015ರ ಜುಲೈನಲ್ಲಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಮಗೆ ಆ ಕಾಲ ಬರುವುದು ಮಳೆಯೊಂದಿಗೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ, ಚರಂಡಿ ಬೇಕಿಲ್ಲ. ಒಂದು ಚಿಪ್ಪಿನಲ್ಲಿ ನಿಂತ ತಿಳಿನೀರು ಸಾಕು. ನಮ್ಮ ಸೀಮೆಯಲ್ಲಿ ಚಿಪ್ಪಿಗೇನು ಬರವೇ? ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿ ಒಡೆದು ಉಂಡೆ ಕೊಬ್ಬರಿ ತೆಗೆದ ಮೇಲೆ ಚಿಪ್ಪು ಹಿತ್ತಲಲ್ಲಿ ರಾಶಿ ಬೀಳುತ್ತದೆ. ರಸ್ತೆ ಬದಿಯಲ್ಲಿ ಎಳನೀರು ಬುರುಡೆಗಳ ಗುಡ್ಡೆ. ಜೊತೆಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಕಡೆ ಮುಚ್ಚಳವಿಲ್ಲದ ಡ್ರಮ್ಮು, ತೊಟ್ಟಿ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು.

2024 ರಾಜ್ಯಕ್ಕೆ ಡೆಂಗಿಯ ದೊಡ್ಡ ವರ್ಷ. ಆ ವರ್ಷ ಪ್ರಕರಣಗಳು 30 ಸಾವಿರ ದಾಟಿದವು. ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬ್‌ಗಳಲ್ಲಿ ಪರೀಕ್ಷೆಗೆ ಗರಿಷ್ಠ ದರ ನಿಗದಿ ಮಾಡಿತು. ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮೀಣ ಭಾಗದಲ್ಲಿ 200 ರೂಪಾಯಿ ದಂಡ ಎಂದಿತು. 2025ರಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ಹಾಗಾದರೆ ದಂಡ ಕೆಲಸ ಮಾಡಿತೇ? ಮಾಡಿರಬಹುದು. ಆದರೆ ಡೆಂಗಿ ಒಂದು ವರ್ಷ ಉಕ್ಕಿ ಮರುವರ್ಷ ತಗ್ಗುವುದು ದಂಡವಿಲ್ಲದ ಕಾಲದಲ್ಲೂ ಇತ್ತು. ಮಳೆ ಬಿದ್ದ ರೀತಿ, ಹಿಂದಿನ ವರ್ಷ ಸೋಂಕಾದವರಲ್ಲಿ ಬಂದ ರೋಗನಿರೋಧಕ ಶಕ್ತಿ, ಹರಿದಾಡುತ್ತಿರುವ ವೈರಸ್ಸಿನ ಬಗೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎರಡು ವರ್ಷದ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಉತ್ತರ ಸಿಗುವುದಿಲ್ಲ.

ನಮ್ಮ ಊರಿನ ರೈತರಿಗೆ ಈ ವಿಷಯ ಹೊಸದಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಕೊಟ್ಟಿತ್ತು. 2025ರಲ್ಲಿ ಅದು 12,100 ಆಯಿತು. ಆದರೆ ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದರ ಎರಡು ಪಟ್ಟು ದಾಟಿತು. ಬೆಂಬಲ ಬೆಲೆ 100 ರೂಪಾಯಿ ಏರಿಸಿದ್ದರಿಂದಲೇ ಹೀಗಾಯಿತು ಎಂದು ಯಾರಾದರೂ ಹೇಳಿದರೆ ಎಪಿಎಂಸಿ ಅಂಗಳದಲ್ಲಿ ನಗುತ್ತಾರೆ. ಇಳುವರಿ ಕುಸಿದಿತ್ತು, ಕಾಯಿ ಸಿಗುತ್ತಿರಲಿಲ್ಲ. ಕೊಬ್ಬರಿ ವಿಷಯದಲ್ಲಿ ನಾವು ‘ಬೇರೆ ಕಾರಣ ಏನಿತ್ತು?’ ಎಂದು ತಕ್ಷಣ ಕೇಳುತ್ತೇವೆ. ಆಸ್ಪತ್ರೆಯ ವಿಷಯದಲ್ಲಿ ಕೇಳುವುದಿಲ್ಲ.

ಸರತಿಯ ಗಣಿತ

ಕಳೆದ ಮಳೆಗಾಲದಲ್ಲಿ ನನ್ನ ಚಿಕ್ಕಪ್ಪನ ಮಗಳಿಗೆ ಜ್ವರ ಬಂದು, ನಮ್ಮ ಭಾಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಇಡೀ ದಿನ ಕಳೆದೆ. ಆ ವಾರವಷ್ಟೇ ಅಲ್ಲಿಗೆ ಇನ್ನೊಬ್ಬ ವೈದ್ಯರನ್ನು ಹಾಕಿದ್ದರು. ವೈದ್ಯರ ಕೊಠಡಿ ಎದುರಿನ ಸಾಲು ನಿಜಕ್ಕೂ ಬೇಗ ಕರಗುತ್ತಿತ್ತು. ಆದರೆ ಇಬ್ಬರೂ ವೈದ್ಯರು ಜ್ವರದವರಿಗೆಲ್ಲ ರಕ್ತಪರೀಕ್ಷೆ ಬರೆಯುತ್ತಿದ್ದರು. ಲ್ಯಾಬ್‌ನಲ್ಲಿ ಇದ್ದದ್ದು ಒಬ್ಬರೇ ಟೆಕ್ನೀಷಿಯನ್. ಸಾಲು ಕರಗಿರಲಿಲ್ಲ, ಲ್ಯಾಬ್ ಬಾಗಿಲಿಗೆ ಸ್ಥಳಾಂತರವಾಗಿತ್ತು. ಬೆಳಿಗ್ಗೆ ಕೊಟ್ಟ ರಕ್ತದ ವರದಿ ಸಂಜೆ ಕೈಗೆ ಬಂತು. ‘ಇನ್ನೂ ಎಷ್ಟು ಹೊತ್ತು ಸಿಸ್ಟರ್?’ ಎಂದು ಕೇಳಿದಾಗ ನರ್ಸ್ ಒಬ್ಬರು, ‘ಏನ್ ಮಾಡೋದಪ್ಪ, ದೀಪಾವಳಿ ಕಳೀಲಿ, ಇಲ್ಲಿ ಯಾರೂ ಇರಲ್ಲ ನೋಡು’ ಎಂದರು. ಅವರಿಗೆ ಕಾಲದ ಲೆಕ್ಕ ಸರಿಯಾಗಿಯೇ ಗೊತ್ತಿತ್ತು.

ಡೆಂಗಿಯಲ್ಲಿ ಈ ಹೊತ್ತು ಹೋಗುವುದು ಸಣ್ಣ ವಿಷಯವಲ್ಲ. ಜ್ವರ ಬಿಡುವ ಸಮಯವೇ, ಅಂದರೆ ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ಕೆಲವರಲ್ಲಿ ರಕ್ತನಾಳಗಳಿಂದ ದ್ರವ ಸೋರಿ ಸ್ಥಿತಿ ಗಂಭೀರವಾಗುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ವಿಪರೀತ ಸುಸ್ತು ಕಂಡವರನ್ನು ಸಾಲಿನಿಂದ ಬೇಗ ಹೆಕ್ಕಿ ತೆಗೆಯಬೇಕು. ಇಲ್ಲಿ ನಿಭಾಯಿಸಲಾಗದಿದ್ದರೆ ತಿಪಟೂರಿನಿಂದ ತುಮಕೂರಿಗೆ ಸುಮಾರು 75 ಕಿ.ಮೀ. ಹೋಗಬೇಕು. ಅರ್ಧ ದಿನ ತಡವಾಗಿ ಹೊರಟ ಆಂಬುಲೆನ್ಸ್ ಎಷ್ಟೇ ವೇಗವಾಗಿ ಓಡಿದರೂ ಕಳೆದ ಅರ್ಧ ದಿನ ವಾಪಸ್ ಬರುವುದಿಲ್ಲ.

ಬಿಇಯಲ್ಲಿ ನಮಗೆ ಕ್ಯೂಯಿಂಗ್ ಥಿಯರಿ ಎಂಬ ಪಾಠವಿದೆ. 1909ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎಂಜಿನಿಯರ್ ಎರ್ಲಾಂಗ್ ದೂರವಾಣಿ ಕರೆಗಳ ಲೆಕ್ಕಕ್ಕೆಂದು ಶುರು ಮಾಡಿದ ಶಾಸ್ತ್ರ ಅದು. ಅದರ ಅತಿ ಸರಳ ಮಾದರಿಯನ್ನು ಆಸ್ಪತ್ರೆಗೆ ಅನ್ವಯಿಸಿ ನೋಡಿ. ಒಬ್ಬ ವೈದ್ಯರು ಒಬ್ಬ ರೋಗಿಗೆ ಸರಾಸರಿ 5 ನಿಮಿಷ ಕೊಡುತ್ತಾರೆ ಎಂದುಕೊಳ್ಳೋಣ. ಗಂಟೆಗೆ 12 ಜನರನ್ನು ನೋಡಬಲ್ಲರು. ಗಂಟೆಗೆ 9.6ರ ಸರಾಸರಿಯಲ್ಲಿ ರೋಗಿಗಳು ಬಂದರೆ ವೈದ್ಯರ ಸಮಯದ ಶೇ 80 ಭಾಗ ಭರ್ತಿ. ಆಗ ಸರಾಸರಿ ಕಾಯುವಿಕೆ 20 ನಿಮಿಷ. ಬರುವವರು ಗಂಟೆಗೆ 11.4 ಆದರೆ ಶೇ 95 ಭರ್ತಿ. ಆಗ ಕಾಯುವಿಕೆ 95 ನಿಮಿಷ! ಗಂಟೆಗೆ ಬರೀ ಇಬ್ಬರು ಹೆಚ್ಚಿದ್ದಕ್ಕೆ ಕಾಯುವಿಕೆ ಹತ್ತಿರ ಹತ್ತಿರ ಐದು ಪಟ್ಟು. ನಿಜವಾದ ಆಸ್ಪತ್ರೆ ಇಷ್ಟು ಸರಳವಲ್ಲ. ಆದರೆ ತುಂಬುವ ಹಂತಕ್ಕೆ ಬಂದಾಗ ಸ್ವಲ್ಪ ಹೆಚ್ಚಿದರೂ ವ್ಯವಸ್ಥೆ ಕುಸಿಯುತ್ತದೆ ಎಂಬ ಗುಣ ಎರಡಕ್ಕೂ ಒಂದೇ.

ಈಗ ಇದನ್ನು ತಿರುಗಿಸಿ ನೋಡಿ. ಗಂಟೆಗೆ ಇಬ್ಬರು ಕಡಿಮೆಯಾದರೆ 95 ನಿಮಿಷ ಮತ್ತೆ 20ಕ್ಕೆ ಇಳಿಯುತ್ತದೆ. ಮಳೆ ನಿಂತು ಜ್ವರ ತುಸು ಇಳಿದರೂ ಆಸ್ಪತ್ರೆಯಲ್ಲಿ ಪವಾಡ ನಡೆದಂತೆ ಕಾಣುತ್ತದೆ. ಅದೇ ವಾರ ಯಾರು ನೆರವು ಕೊಟ್ಟಿದ್ದರೋ ಆ ಪವಾಡ ಅವರ ಖಾತೆಗೆ ಜಮೆಯಾಗುತ್ತದೆ.

ಲೆಕ್ಕ ತಪ್ಪಿಸುವ ಎರಡು ಬಲೆಗಳು

ಮೊದಲ ಬಲೆ ಈಗ ಹೇಳಿದ್ದೇ. ನೆರವು ಬರುವುದು ಒತ್ತಡ ತುತ್ತತುದಿಯಲ್ಲಿದ್ದಾಗ. ತುದಿಯಿಂದ ಮುಂದೆ ಇಳಿಜಾರೇ. ಆದ್ದರಿಂದ ‘ಮೊದಲು–ನಂತರ’ ಹೋಲಿಸಿದರೆ ಯಾವ ನೆರವಾದರೂ ಗೆದ್ದಂತೆ ತೋರುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ನೆರವಿಗೆ ಆರಿಸುವುದು ಅತಿ ಕಷ್ಟದಲ್ಲಿರುವ ಆಸ್ಪತ್ರೆಗಳನ್ನು. ಅದು ನ್ಯಾಯವೇ. ಇಂಗ್ಲೆಂಡಿನಲ್ಲೂ ಚಳಿಗಾಲದ ಒತ್ತಡದಲ್ಲಿ ಹೆಚ್ಚು ತತ್ತರಿಸಿದ ಆಸ್ಪತ್ರೆಗಳಿಗೇ ಸುಧಾರಣಾ ತಂಡಗಳನ್ನು ಕಳಿಸಿದ್ದಾರೆ. ಆದರೆ ನಮ್ಮ ಇಂಟರ್ನಲ್ಸ್ ನೆನಪಿಸಿಕೊಳ್ಳಿ. ಮೊದಲ ಇಂಟರ್ನಲ್ಸ್‌ನಲ್ಲಿ ಅತಿ ಕಡಿಮೆ ಅಂಕ ಬಂದ ಹತ್ತು ಮಂದಿಯನ್ನು ತೆಗೆದುಕೊಂಡರೆ, ಎರಡನೆಯದರಲ್ಲಿ ಅವರ ಸರಾಸರಿ ಸ್ವಲ್ಪ ಏರಿರುತ್ತದೆ, ಟ್ಯೂಷನ್‌ಗೆ ಹೋಗದಿದ್ದರೂ. ಮೊದಲ ಸಲ ಕೆಲವರಿಗೆ ಹುಷಾರಿರಲಿಲ್ಲ, ಕೆಲವರಿಗೆ ಓದದ ಅಧ್ಯಾಯವೇ ಬಂದಿತ್ತು. ದುರದೃಷ್ಟ ಎರಡು ಸಲ ಒಂದೇ ಕಡೆ ಕೂರುವುದಿಲ್ಲ. ಸರಾಸರಿಯ ಕಡೆಗೆ ಮರಳುವ ಈ ಗುಣವನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿಯೇ ತಂದೆತಾಯಿ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ತೋರಿಸಿದ್ದ. ಅತಿ ಕೆಟ್ಟ ತಿಂಗಳು ಕಂಡ ಆಸ್ಪತ್ರೆಯ ಮುಂದಿನ ತಿಂಗಳು ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ.

ಕರ್ನಾಟಕದಲ್ಲೇ ಸಿಕ್ಕ ಪಾಠ

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಿಂದಲೇ ಶುರುವಾಗುತ್ತದೆ. ಅದು ಡೆಂಗಿಯದ್ದಲ್ಲ, ಹೆರಿಗೆಯದ್ದು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ‘ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿ’ಯನ್ನು ಕರ್ನಾಟಕದ ಉಪಜಿಲ್ಲಾ ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗಿಸಿದರು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು ಇಂಥ 29 ಅಗತ್ಯ ಕ್ರಮಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು, ಪಟ್ಟಿ ಬಂದ ಮೇಲೆ 25 ನಡೆದವು. ಅದ್ಭುತ ಫಲಿತಾಂಶ. ಆದರೆ ಇದು ಒಂದೇ ಆಸ್ಪತ್ರೆ, ಬರೀ ‘ಮೊದಲು–ನಂತರ’.

ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ. 2014ರಿಂದ 2016ರವರೆಗೆ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಪರೀಕ್ಷೆ ಮಾಡಿದರು. ಅರ್ಧಕ್ಕೆ ಪಟ್ಟಿಯ ಜೊತೆ 8 ತಿಂಗಳ ತರಬೇತಿ ನೆರವು, ಉಳಿದರ್ಧ ಎಂದಿನಂತೆ. ಯಾವ ಕೇಂದ್ರಕ್ಕೆ ನೆರವು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದರು. ಎರಡು ತಿಂಗಳಾದಾಗ ನೆರವು ಸಿಕ್ಕ ಕಡೆ 18 ಕ್ರಮಗಳಲ್ಲಿ ಸುಮಾರು ಶೇ 73 ಪಾಲನೆಯಾಗುತ್ತಿದ್ದವು, ಸಿಗದ ಕಡೆ ಶೇ 42. ನೆರವು ನಿಂತು ನಾಲ್ಕು ತಿಂಗಳಾದಾಗ ಮೊದಲಿನ ಗುಂಪು ಶೇ 62ಕ್ಕೆ ಇಳಿದಿತ್ತು. ಕೊನೆಯ ಪ್ರಶ್ನೆ ತಾಯಿ ಮಗುವಿನದು. ಸಾವು ಅಥವಾ ತಾಯಿಯ ಗಂಭೀರ ತೊಡಕು ಒಂದು ಗುಂಪಿನಲ್ಲಿ ಶೇ 15.1, ಇನ್ನೊಂದರಲ್ಲಿ ಶೇ 15.3. ಅಂದರೆ ವ್ಯತ್ಯಾಸವೇ ಇಲ್ಲ. ಕೆಲಸದ ರೀತಿ ಸುಧಾರಿಸಿತು, ಜೀವ ಉಳಿಯುವ ಪ್ರಮಾಣ ಬದಲಾಗಲಿಲ್ಲ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದಿದ್ದರೆ ಈ ಕಹಿ ಸತ್ಯ ಗೊತ್ತೇ ಆಗುತ್ತಿರಲಿಲ್ಲ.

ಹೋಲಿಸಿ ನೋಡಿದರೆ ನೆರವು ಯಾವಾಗಲೂ ಸೋಲುತ್ತದೆ ಎಂದಲ್ಲ. ಬಳ್ಳಾರಿ ಮತ್ತು ಅಂದಿನ ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥದೇ ಪರೀಕ್ಷೆ ನಡೆದಿತ್ತು. 54 ಕೇಂದ್ರಗಳಿಗೆ ಅನುಭವಿ ನರ್ಸ್‌ಗಳು ಆಗಾಗ ಹೋಗಿ ಅಲ್ಲಿನವರ ಜೊತೆ ನಿಂತು ಕಲಿಸಿದರು, 54ಕ್ಕೆ ಹೋಗಲಿಲ್ಲ. ಕಲಿಸಿದ ಕಡೆ ನರ್ಸ್‌ಗಳ ತಿಳಿವಳಿಕೆಯೂ ಕೇಂದ್ರದ ಸಿದ್ಧತೆಯೂ ಸ್ಪಷ್ಟವಾಗಿ ಉತ್ತಮವಾಗಿದ್ದವು. ಇದನ್ನು ಧೈರ್ಯವಾಗಿ ಹೇಳಬಹುದು, ಏಕೆಂದರೆ ಕಾಲ, ಮಳೆ, ಸರ್ಕಾರಿ ಆದೇಶ ಎರಡೂ ಗುಂಪಿಗೆ ಒಂದೇ ಆಗಿತ್ತು.

ನಮ್ಮ ತೋಟಗಳಲ್ಲಿ ಹಿರಿಯರು ಮಾಡುವುದೂ ಇದನ್ನೇ. ಹೊಸ ಗೊಬ್ಬರ ಬಂದರೆ ‘ಈ ಸಾಲಿಗೆ ಹಾಕು, ಆ ಸಾಲಿಗೆ ಬಿಟ್ಟು ನೋಡು’ ಎನ್ನುತ್ತಾರೆ. ಮಳೆ ಎರಡೂ ಸಾಲಿಗೆ ಬೀಳುತ್ತದೆ. ವ್ಯತ್ಯಾಸ ಕಂಡರೆ ಅದು ಗೊಬ್ಬರದ್ದು. ಹೊಂಬಾಳೆ ಬಿಚ್ಚಿ ಕಾಯಿ ಬಲಿಯಲು ವರ್ಷ ಬೇಕೆಂಬುದೂ ಅವರಿಗೆ ಗೊತ್ತು, ಆದ್ದರಿಂದ ಮೂರು ತಿಂಗಳಿಗೇ ತೀರ್ಪು ಕೊಡುವುದಿಲ್ಲ.

ಅಂಕ ಸಿಕ್ಕಿತು, ಆಮೇಲೆ?

ಆಸ್ಪತ್ರೆಗಳನ್ನು ಅಳೆಯುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದಲ್ಲ. 2015ರ ಮೇ 15ರಂದು ಕೇಂದ್ರ ಆರೋಗ್ಯ ಸಚಿವಾಲಯ ಆರಂಭಿಸಿದ ‘ಕಾಯಕಲ್ಪ’ದಲ್ಲಿ ಸ್ವಚ್ಛತೆ, ಸೋಂಕು ನಿಯಂತ್ರಣಕ್ಕೆ ಅಂಕ ಕೊಡುತ್ತಾರೆ. ಆಂತರಿಕ, ಪರಸ್ಪರ, ಬಾಹ್ಯ ಎಂದು ಮೂರು ಸುತ್ತಿನ ಮೌಲ್ಯಮಾಪನ, ಪ್ರಶಸ್ತಿಗೆ ಶೇ 70 ಬೇಕು. ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳಲ್ಲಿ (ಎನ್‌ಕ್ಯೂಎಎಸ್) ಎಂಟು ವಿಭಾಗಗಳಿವೆ, ಕೊನೆಯದು ‘ಫಲಿತಾಂಶ’. ಇವುಗಳಿಂದ ಅನೇಕ ಆಸ್ಪತ್ರೆಗಳ ಶೌಚಾಲಯ, ವಾರ್ಡು ಶುಚಿಯಾಗಿರುವುದು ಒಳ್ಳೆಯದೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸ್ನೇಹಿತರಿಗೆ ಈ ಹೆಸರು, ಇಸವಿಗಳು ಬಾಯಿಪಾಠ. ಆದರೆ ಮೌಲ್ಯಮಾಪನದ ದಿನ ಆಸ್ಪತ್ರೆ ಹೇಗಿತ್ತು ಎಂಬುದು ಒಂದು ಪ್ರಶ್ನೆ, ಆಗಸ್ಟ್ ತಿಂಗಳ ಸೋಮವಾರ ಹನ್ನೊಂದು ಗಂಟೆಗೆ ಹೇಗಿತ್ತು ಎಂಬುದು ಇನ್ನೊಂದು. ಎರಡನೆಯದಕ್ಕೆ ಅಂಕಪಟ್ಟಿಯಿಂದ ಉತ್ತರ ಸಿಗುವುದಿಲ್ಲ.

ಹೀಗೆ ಮಾಡಿದರೆ?

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಜಿಲ್ಲಾ ಕೇಂದ್ರ ಬಿಟ್ಟರೆ ಒಂಬತ್ತು. ಹೆಚ್ಚುವರಿ ಸಿಬ್ಬಂದಿ, ತರಬೇತಿ ತಂಡ ಎಲ್ಲ ಕಡೆಗೂ ಒಂದೇ ದಿನ ಹೋಗುವಷ್ಟು ಇರುವುದಿಲ್ಲ. ಹೇಗಿದ್ದರೂ ಸರದಿಯಲ್ಲೇ ಹೋಗಬೇಕು. ಆ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಲಿ. ಮೂರು ತಾಲ್ಲೂಕಿಗೆ ಮೇ ತಿಂಗಳಲ್ಲಿ, ಮೂರಕ್ಕೆ ಜುಲೈನಲ್ಲಿ, ಮೂರಕ್ಕೆ ಸೆಪ್ಟೆಂಬರ್‌ನಲ್ಲಿ. ಎಲ್ಲರಿಗೂ ನೆರವು ಸಿಗುತ್ತದೆ. ಜುಲೈನಲ್ಲಿ ನೆರವು ಸಿಕ್ಕವರನ್ನು ಅದೇ ವಾರ ಇನ್ನೂ ಸಿಗದವರ ಜೊತೆ ಹೋಲಿಸಬಹುದು. ಕಾಲದ ಏರಿಳಿತ ಲೆಕ್ಕದಿಂದ ಬಿಟ್ಟುಹೋಗುತ್ತದೆ.

‘ಜನ ನರಳುತ್ತಿರುವಾಗ ಪ್ರಯೋಗ ಮಾಡುತ್ತೀರಾ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲೋ ಸಾವು ಸಂಭವಿಸುತ್ತಿದ್ದರೆ ಚೀಟಿ ಬದಿಗಿಟ್ಟು ಅಲ್ಲಿಗೇ ಮೊದಲು ಓಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆಗಲೂ ಕನಿಷ್ಠ ಹಿಂದಿನ ಮೂರು ನಾಲ್ಕು ವರ್ಷಗಳ ಅದೇ ವಾರದ ಅಂಕಿಗಳ ಜೊತೆ ಹೋಲಿಸಲಿ. ಈಗಿನ ಸರದಿಯನ್ನು ಯಾವ ಆಧಾರದ ಮೇಲೆ ಮಾಡುತ್ತಾರೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಚೀಟಿ ಅದಕ್ಕಿಂತ ಅನ್ಯಾಯವಂತೂ ಅಲ್ಲ.

‘ರೋಗಿ ನೋಡೋದಾ, ಫಾರಂ ತುಂಬೋದಾ?’ ಎಂದು ವೈದ್ಯರು ಕೇಳಿದರೂ ಸರಿಯೇ. ಆದ್ದರಿಂದ ಅಳತೆ ನಾಲ್ಕೇ ಸಾಕು. ಒಂದು, ಚೀಟಿ ಮಾಡಿಸಿದ ಹೊತ್ತಿನಿಂದ ವೈದ್ಯರನ್ನು ಕಾಣುವವರೆಗೆ ಎಷ್ಟು ಸಮಯ. ಎರಡು, ರಕ್ತ ಕೊಟ್ಟು ವರದಿ ಬರುವವರೆಗೆ ಎಷ್ಟು ಸಮಯ. ಮೂರು, ದೊಡ್ಡ ಆಸ್ಪತ್ರೆಗೆ ಕಳಿಸಿದವರು ಎಷ್ಟು, ಕಳಿಸುವಾಗ ಸ್ಥಿತಿ ಏನಿತ್ತು. ನಾಲ್ಕು, ಅವರು ಚೇತರಿಸಿಕೊಂಡರೇ. ಚೀಟಿಯ ಮೇಲೆ, ಲ್ಯಾಬ್ ರಿಜಿಸ್ಟರ್‌ನಲ್ಲಿ ಗಂಟೆ ನಿಮಿಷ ನಮೂದಿಸಿದರೆ ಮೊದಲೆರಡಕ್ಕೆ ಹೊಸ ಫಾರಂ ಬೇಕಿಲ್ಲ. ರೋಗ ಪ್ರಕರಣಗಳ ಮಾಹಿತಿ 2021ರಲ್ಲಿ ದೇಶದಾದ್ಯಂತ ಜಾರಿಯಾದ ಸಮಗ್ರ ಆರೋಗ್ಯ ಮಾಹಿತಿ ವೇದಿಕೆಗೆ (ಐಎಚ್‌ಐಪಿ) ಹೋಗುತ್ತಲೇ ಇದೆ. ಎರಡನೇ ಅಳತೆ ಇದ್ದಿದ್ದರೆ ನಾನು ಕಂಡ ಆಸ್ಪತ್ರೆಗೆ ಬೇಕಾಗಿದ್ದದ್ದು ಎರಡನೇ ವೈದ್ಯರಲ್ಲ, ಎರಡನೇ ಲ್ಯಾಬ್ ಟೆಕ್ನೀಷಿಯನ್ ಎಂದು ಒಂದೇ ವಾರದಲ್ಲಿ ಗೊತ್ತಾಗುತ್ತಿತ್ತು. ಇದೇ ಅಳತೆಯನ್ನು ನೆರವು ನಿಂತ ಮರುವರ್ಷವೂ ಮಾಡಬೇಕು. ತಂಡ ಹೊರಟ ಮೇಲೂ ಉಳಿದ ಸುಧಾರಣೆಯೇ ನಿಜವಾದ ಸುಧಾರಣೆ.

ನಾವು ಏನು ಮಾಡಬಹುದು?

ಇದೆಲ್ಲ ಅಧಿಕಾರಿಗಳ ಕೆಲಸ ಎಂದು ಕೈಕಟ್ಟಿ ಕೂರಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇದೆ. ನಿಮ್ಮ ಊರಿನ ಸಮಿತಿಯ ಸಭೆಯಲ್ಲಿ ಹೋದ ವರ್ಷದ ನೆರವಿನ ಬಗ್ಗೆ ಏನು ಚರ್ಚೆಯಾಯಿತು ಎಂದು ಸದಸ್ಯರನ್ನು ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತಿಂಗಳುವಾರು ಹೊರರೋಗಿಗಳ ಸಂಖ್ಯೆ ಕೇಳಿ, ಗ್ರಾಫ್ ಹಾಕಿ ನೋಡಿ. ನೆರವು ಬಂದ ದಿನ ಗ್ರಾಫ್‌ನಲ್ಲಿ ಎಲ್ಲಿ ಬೀಳುತ್ತದೆ, ಏರುವಾಗಲೋ ಇಳಿಯುವಾಗಲೋ ಎಂದು ಗುರುತಿಸಿ. ಬಿಇ, ಬಿಎಸ್ಸಿ ಓದುವವರು ಪ್ರಾಜೆಕ್ಟ್‌ಗೆ ಬೆಂಗಳೂರಿನ ಅಂಗಡಿಯಿಂದ ರೆಡಿಮೇಡ್ ಮಾಡೆಲ್ ಕೊಳ್ಳುವ ಬದಲು, ಅನುಮತಿ ಪಡೆದು, ರೋಗಿಗಳ ಹೆಸರು ಮುಟ್ಟದೆ, ಒಂದು ಆಸ್ಪತ್ರೆಯ ಸರತಿ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಅಳೆಯಬಹುದು. ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಬಂದಾಗ ಹಿತ್ತಲ ಚಿಪ್ಪಿನ ರಾಶಿಯನ್ನು ಅವರ ಜೊತೆ ನಿಂತು ಕವುಚಿ ಹಾಕುವುದಕ್ಕಂತೂ ಯಾರ ಅನುಮತಿಯೂ ಬೇಡ.

ಮುಂದಿನ ನವೆಂಬರ್‌ನಲ್ಲೂ ‘ಕ್ರಮಗಳ ಫಲವಾಗಿ ಜ್ವರ ಹತೋಟಿಗೆ’ ಎಂಬ ಹೇಳಿಕೆ ಬರುತ್ತದೆ. ಆಗ ನಾವು ಕೇಳಬೇಕಾದದ್ದು ಎರಡೇ ಪ್ರಶ್ನೆ: ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೀರಿ? ಕ್ರಮ ನಿಂತ ಮೇಲೆ ಏನು ಉಳಿಯಿತು? ಉತ್ತರ ಸಿದ್ಧವಿಟ್ಟುಕೊಂಡು ಬರುವ ಅಧಿಕಾರಿ ಒಬ್ಬರಿದ್ದರೂ ಅದರ ಮುಂದಿನ ಮಳೆಗಾಲಕ್ಕೆ ಲ್ಯಾಬ್ ಬಾಗಿಲ ಸಾಲು ಸ್ವಲ್ಪ ಚಿಕ್ಕದಾಗುತ್ತದೆ.